ಅಷ್ಟಮಿಯ ಒನಕೆ

ಭೂಮಿ ತಿರುಗುತ್ತದೆ ಎಂದು ಲಗಮವ್ವನನ್ನು ಒಪ್ಪಿಸಲು ಹೋದವರು ಯಾರೂ ಗೆದ್ದು ಹಿಂದಿರುಗಿಲ್ಲ. "ನಲವತ್ತ ವರ್ಷ ಕುರಿ ಹಿಂದ ತಿರಗೇನಿ. ತಿರಗಿದಾಕಿ ನಾನು, ಭೂಮಿ ಅಲ್ಲ" ಎಂದು ಹೇಳಿ ಎಲೆ ಅಡಿಕೆಯ ಸಂಚಿಯ ದಾರ ಎಳೆದಳೆಂದರೆ ಅಲ್ಲಿಗೆ ಮಾತು ಮುಗಿಯಿತು. ಮನುಷ್ಯ ಮಂಗನಿಂದ ಬಂದ ಎನ್ನುವವರಿಗೂ ಅವಳಲ್ಲಿ ಉತ್ತರವಿದೆ. ಬಾದಾಮಿಗೆ ಹೋದಾಗಲೆಲ್ಲ ಅವಳ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡ ಮಂಗಗಳ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅದೇ ಉದ್ಯೋಗದಲ್ಲಿವೆ. "ಒಂದರೆ ಮನಷ್ಯಾ ಆಗಿ ಹಣ್ಣಿನ ಅಂಗಡಿ ಇಟ್ಟೈತೇನು?" ಎಂದು ಅವಳು ಕೇಳುತ್ತಾಳೆ. ಕೇಳಿಸಿಕೊಂಡವರು ನಗುತ್ತಾರೆ, ನಕ್ಕ ಮೇಲೆ ವಾದ ಮಾಡುವುದು ಕಷ್ಟ.

ಹಾಗಂತ ಲಗಮವ್ವ ಹೇಳಿದ್ದಕ್ಕೆಲ್ಲ ಗೋಣು ಹಾಕುವ ಹೆಂಗಸೆಂದು ತಿಳಿದರೆ ತಪ್ಪಾದೀತು. ಪುಸ್ತಕದ ಮಾತನ್ನು ನಂಬದವಳು ಮೊಬೈಲಿನ ಮಾತನ್ನೂ ನಂಬುವುದಿಲ್ಲ. ಮಗ ಹಣಮೇಶ ಟಂಟಂ ಗಾಡಿ ಓಡಿಸುತ್ತಾನೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್ ನೋಡುತ್ತಾನೆ. ಗ್ರಹಣದ ಹೊತ್ತಿಗೆ ಭೂಮಿಯ ಸೆಳೆತವೇ ನಿಂತುಹೋಗುತ್ತದಂತೆ, ವಿಜ್ಞಾನಿಗಳು ಇಷ್ಟು ದಿನ ಸುಳ್ಳು ಹೇಳಿದ್ದರಂತೆ, ಪರದೇಶದವರು ಗ್ರಹಣದಲ್ಲಿ ತಾನೇ ನಿಲ್ಲುವ ನಮ್ಮ ಒನಕೆ ನೋಡಿ ಮೂಗಿನ ಮೇಲೆ ಬೆರಳಿಟ್ಟರಂತೆ ಎಂದು ಅವನು ಓದಿ ಹೇಳಿದರೆ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ "ಬೆರಳಿಟ್ಟಿದ್ದನ್ನ ಯಾರ ನೋಡಿದ್ರು?" ಎನ್ನುತ್ತಿದ್ದಳು. ದೇವರೊಬ್ಬನಿಗೆ ಮಾತ್ರ ವಿನಾಯಿತಿ. ಬೀರಪ್ಪನನ್ನು ಕಂಡಿದ್ದೀಯಾ ಎಂದು ಕೇಳಿದವನಿಗೆ ಅವಳು ಕೊಟ್ಟ ಉತ್ತರ ಇಷ್ಟೇ: "ಅಂವನ್ನ ಕಾಣದ ಅಡವ್ಯಾಗ ರಾತ್ರಿ ಕಳದೇನಿ ಅಂತ ತಿಳದಿಯೇನು?"

ಅಮೀನಗಡದ ಹೆದ್ದಾರಿಯಲ್ಲಿ ಬಸ್ಸಿಳಿದವರು ಕರದಂಟಿನ ಅಂಗಡಿಗಳನ್ನು ದಾಟಿ ಒಳಗೆ ಬರುವುದಿಲ್ಲ. ಬಂದರೆ ಎರಡನೆಯ ಓಣಿಯಲ್ಲಿ ಲಗಮವ್ವನ ಮನೆ. ಗಂಡ ಬಂಡೆಪ್ಪ ಒಂದು ಕಾಲಕ್ಕೆ ಕುರಿ ಸಂತೆಯಲ್ಲಿ ಹೆಸರು ಮಾಡಿದ್ದವನು, ಮರಿಯ ಬೆನ್ನು ಮುಟ್ಟಿ ತೂಕ ಹೇಳುತ್ತಿದ್ದ. ಸಕ್ಕರೆ ಕಾಯಿಲೆ ಬಂದು ಕಾಲು ಸೋತ ಮೇಲೆ ಹಿಂಡು ಮಾರಿ ಕಟ್ಟೆ ಹಿಡಿದ. ಅಂದಿನಿಂದ ಮನೆಯ ಮಾತು, ಓಣಿಯ ಮಾತು ಎರಡೂ ಲಗಮವ್ವನದೇ.

ಓಣಿಯಲ್ಲಿ ಅವಳಿಗೆ ಆ ಮರ್ಯಾದೆ ತಂದುಕೊಟ್ಟದ್ದು ಒಂದು ಒನಕೆ. ಗ್ರಹಣ ಹಿಡಿದಾಗ ಗಂಗಾಳದಲ್ಲಿ ನೀರು ಹಾಕಿ, ಅರಿಷಿಣ ಕುಂಕುಮ ಹಚ್ಚಿದ ಒನಕೆಯನ್ನು ಅದರ ನಡುವೆ ನೆಟ್ಟಗೆ ನಿಲ್ಲಿಸುವುದು ಈ ಕಡೆಯ ಪದ್ಧತಿ. ಗ್ರಹಣ ಇರುವತನಕ ಒನಕೆ ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ನಂಬಿಕೆ. ಅದು ಬೀಳುವತನಕ ಯಾರೂ ಒಲೆ ಹಚ್ಚುವುದಿಲ್ಲ, ಬಾಯಿಗೆ ಏನೂ ಹಾಕುವುದಿಲ್ಲ. ಆದರೆ ಎಲ್ಲರ ಕೈಗೂ ಒನಕೆ ನಿಲ್ಲುವುದಿಲ್ಲ. ಓಣಿಯಲ್ಲಿ ನಿಲ್ಲುತ್ತಿದ್ದದ್ದು ಲಗಮವ್ವನ ಕೈಗೆ. ಅವಳು ಎರಡು ಅಂಗೈ ನಡುವೆ ಒನಕೆ ಹಿಡಿದು, ಉಸಿರು ಬಿಗಿಹಿಡಿದು, ಮೆಲ್ಲಗೆ ಕೈ ತೆಗೆಯುತ್ತಿದ್ದಳು. ಒನಕೆ ನಿಂತಾಗ ಹೆಂಗಸರೆಲ್ಲ ಕೈ ಮುಗಿಯುತ್ತಿದ್ದರು. ಕೈ ಮುಗಿದದ್ದು ಒನಕೆಗೋ ತನಗೋ ಎಂದು ಅವಳು ಯಾವತ್ತೂ ವಿಚಾರಿಸಲು ಹೋಗಲಿಲ್ಲ.

ಇಂಥ ಓಣಿಗೆ ಬಾಡಿಗೆಗೆ ಬಂದವಳು ಮೃಣಾಲಿನಿ, ಹೈಸ್ಕೂಲಿನ ವಿಜ್ಞಾನದ ಟೀಚರು. ಗಂಡನಿಗೆ ಇಳಕಲ್ಲಿನ ಬ್ಯಾಂಕಿನಲ್ಲಿ ಕೆಲಸ. ಜೊತೆಗೆ ಅತ್ತೆ ಲೀಲಾಬಾಯಿ. ದಿನಾ ಬೆಳಿಗ್ಗೆ ಪಂಚಾಂಗ ನೋಡಿ ತಿಥಿ ಹೇಳದೆ ಚಹಾ ಮುಟ್ಟದ ಹೆಂಗಸು. ಮೃಣಾಲಿನಿಗೆ ಲಗಮವ್ವನ ಜೊತೆ ವಾದ ಮಾಡುವುದೆಂದರೆ ಬಲು ಇಷ್ಟ. ಮಂಗ ನಮ್ಮ ಅಜ್ಜನಲ್ಲ, ನಮಗೂ ಅದಕ್ಕೂ ಬಹಳ ಹಿಂದೆ ಅಜ್ಜ ಒಬ್ಬನೇ ಇದ್ದ ಎಂದು ಅವಳು ಒಂದು ಸಂಜೆ ತಿಳಿಸಿ ಹೇಳಿದಳು. ಲಗಮವ್ವ ಬಹಳ ಹೊತ್ತು ಯೋಚಿಸಿ, "ಅದಕ್ಕ ಅದು ಹಣ್ಣ ಕಸಗೋತೈತಿ ನೋಡ್ರಿ ಟೀಚರ್ರ. ಅಜ್ಜನ ಆಸ್ತ್ಯಾಗ ಪಾಲ ಕೇಳಾಕತ್ತೈತಿ" ಎಂದಳು. ಟೀಚರಮ್ಮ ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ನಕ್ಕಳು.

ಒನಕೆಯ ವಿಷಯದಲ್ಲಿ ಮಾತ್ರ ಮೃಣಾಲಿನಿ ನಗಲಿಲ್ಲ. ಎರಡು ಸಾವಿರದ ಹತ್ತೊಂಬತ್ತರ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ದಿನ, ಸೂರ್ಯಗ್ರಹಣ ಬರುವುದಿತ್ತು. ಅದಕ್ಕೂ ಮುಂಚಿನ ಒಂದು ಭಾನುವಾರ ಅವಳು ತನ್ನ ಮನೆಯ ಒನಕೆ ತಂದು ಓಣಿಯ ನಟ್ಟನಡುವೆ ಗಂಗಾಳ ಇಟ್ಟಳು. ಒನಕೆಯ ತಳ ಸಪಾಟಾಗಿದೆ, ತೂಕ ಸರಿಯಾಗಿ ನಡುವೆ ಬಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ, ನಿಲ್ಲಿಸುವವರ ಕೈ ನಡುಗಬಾರದು ಅಷ್ಟೇ ಎಂದು ಹೇಳಿ ನಿಲ್ಲಿಸಲು ಹೋದಳು. ಒನಕೆ ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. "ಮನಿ ಗೆದ್ದು ಮಾರು ಗೆಲ್ಲು ಅಂತಾರ, ಮೊದಲ ಅತ್ತಿನ್ನ ಒಪ್ಪಸ್ರಿ" ಎಂದು ಯಾರೋ ಕಿಚಾಯಿಸಿದರು. ಮೃಣಾಲಿನಿ ಹಲ್ಲು ಕಚ್ಚಿ ಇನ್ನೊಮ್ಮೆ ಪ್ರಯತ್ನಿಸಿದಳು. ಒನಕೆ ನಿಂತಿತು. ಹಾಡುಹಗಲು, ಗ್ರಹಣವಿಲ್ಲ ಏನಿಲ್ಲ, ಕಂಬದಂತೆ ನಿಂತಿತು.

ಎಲ್ಲರೂ ಲಗಮವ್ವನ ಮುಖ ನೋಡಿದರು. ಲಗಮವ್ವ ಒನಕೆಯ ಸುತ್ತ ಒಂದು ಸಲ ತಿರುಗಿ ಬಂದು, "ಇವತ್ತ ಅಮೇರಿಕಾದಾಗ ಗ್ರಹಣ ಇರಬೇಕು" ಎಂದಳು.

ಅಷ್ಟೇ ಸಾಕಾಯಿತು. ಹೆಂಗಸರು ಹೋ ಎಂದು ಕೂಗಿ ಉಸಿರು ಬಿಟ್ಟರು. ಮೃಣಾಲಿನಿ ಏನು ಹೇಳಿದರೂ ಆ ಗದ್ದಲದಲ್ಲಿ ಕೇಳಲಿಲ್ಲ. ಮರುದಿನ ಅವಳಿಗೆ ಕಾದಿದ್ದದ್ದು ಅದಕ್ಕಿಂತ ದೊಡ್ಡ ಸೋಲು. ಪಕ್ಕದ ಓಣಿಯ ಇಬ್ಬರು ಹೆಂಗಸರು ಅರಿಷಿಣ ಕುಂಕುಮ ಹಿಡಿದುಕೊಂಡು ಬಂದು, ನಿಮ್ಮ ಕೈಗುಣ ದೊಡ್ಡದು, ಬರುವ ಗ್ರಹಣಕ್ಕೆ ನಮ್ಮ ಮನೆಯ ಒನಕೆಯನ್ನು ನೀವೇ ನಿಲ್ಲಿಸಿಕೊಡಿ ಎಂದು ಕೇಳಿಕೊಂಡರು. ಸುಳ್ಳನ್ನು ಒಡೆಯಲು ಹೋಗಿ ತಾನೇ ಅರ್ಧ ದೇವರಾದದ್ದು ಕಂಡು ಮೃಣಾಲಿನಿ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗೆದ್ದ ಲಗಮವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. ಗ್ರಹಣ ಹಿಡಿಯುವುದು ಅಮಾವಾಸ್ಯೆಗೆ, ಇಲ್ಲವೆ ಹುಣ್ಣಿಮೆಗೆ. ಅಡವಿಯಲ್ಲಿ ಆಕಾಶವನ್ನೇ ಹೊದ್ದು ಮಲಗಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟೀಚರು ಒನಕೆ ನಿಲ್ಲಿಸಿದ ದಿನ ಅಮಾವಾಸ್ಯೆಯಲ್ಲ, ಹುಣ್ಣಿಮೆಯಲ್ಲ. ಅಮೇರಿಕಕ್ಕೇನು ಬೇರೆ ಚಂದ್ರನಿದ್ದಾನೆಯೇ? ತಾನು ಆಡಿದ ಮಾತು ಗೆಲ್ಲುವ ಮಾತಾಗಿತ್ತು, ಖರೆ ಮಾತಾಗಿರಲಿಲ್ಲ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ, ನೋಡಿ ಬಂದೆಯಾ ಎಂದು ಇವಳೇ ಬೆನ್ನು ಬೀಳುತ್ತಿದ್ದಳು. ಆದರೂ ಒನಕೆ ನಿಂತದ್ದು ಟೀಚರ ಕೈಗೆ, ತನ್ನ ಕೈಗಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಲಗಮವ್ವ ಪ್ರಮಾಣಿಸಿ ನೋಡಲು ಅಷ್ಟಮಿಯ ದಿನವನ್ನು ಆರಿಸಿಕೊಂಡಳು. ಅರ್ಧ ಚಂದ್ರನ ದಿನ. ಅವತ್ತು ಅಮೇರಿಕಾದಲ್ಲೂ ಇಲ್ಲ, ಪಾತಾಳದಲ್ಲೂ ಗ್ರಹಣವಿಲ್ಲ.

ಮಧ್ಯಾಹ್ನ ಮಗ ಗಾಡಿ ತೆಗೆದುಕೊಂಡು ಹೋಗಿದ್ದ, ಬಂಡೆಪ್ಪ ಕಟ್ಟೆಯ ಮೇಲೆ ತೂಕಡಿಸುತ್ತಿದ್ದ. ಲಗಮವ್ವ ಬಾಗಿಲು ಮುಂದೆ ಮಾಡಿ, ಗ್ರಹಣಕ್ಕೆ ಇಡುವ ತನ್ನ ಗಂಗಾಳದಲ್ಲಿ ನೀರು ಹಾಕಿ, ತನ್ನ ಒನಕೆಯನ್ನು ಎರಡು ಅಂಗೈ ನಡುವೆ ಹಿಡಿದಳು. ನಿಲ್ಲದಿರಲಿ ಎಂದು ಬೀರಪ್ಪನಿಗೆ ಹರಕೆ ಹೊತ್ತೇ ಕೈ ತೆಗೆದಳು. ಒನಕೆ ನಿಂತಿತು. ಅವಳು ಅದರ ಎದುರು ಕುಕ್ಕರಗಾಲಲ್ಲಿ ಕುಳಿತು ನೋಡಿದಳು, ನೋಡಿಯೇ ನೋಡಿದಳು. ಬೀಳುವ ಲಕ್ಷಣವೇ ಇರಲಿಲ್ಲ. ಕಡೆಗೆ ಸಿಟ್ಟು ಬಂದು ಕಾಲಿನಿಂದ ಒದ್ದಳು. ಸಪ್ಪಳಕ್ಕೆ ಎಚ್ಚರಾದ ಬಂಡೆಪ್ಪ ಏನದು ಎಂದು ಕೂಗಿದರೆ, "ಬೆಕ್ಕು" ಎಂದಳು.

ಯಾರಿಗೂ ಹೇಳಲಿಲ್ಲ. ಹೇಳಿ ಏನಾಗಬೇಕು? ಓಣಿಯಲ್ಲಿ ತನಗಿದ್ದ ಒಂದೇ ಒಂದು ಮರ್ಯಾದೆಯನ್ನು ತನ್ನ ಕೈಯಿಂದಲೇ ಗಟಾರಕ್ಕೆ ಚೆಲ್ಲುವಷ್ಟು ದೊಡ್ಡ ಮನಸ್ಸು ಅವಳಿಗೆ ಅವತ್ತು ಇರಲಿಲ್ಲ. ಯಾರಿಗಿರುತ್ತದೆ ಹೇಳಿ.

ಎಳ್ಳಮಾಸಿ ಬಂತು. ಗ್ರಹಣವೆಂದು ಹೊಲದವರೆಲ್ಲ ಹಿಂದಿನ ದಿನವೇ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದಿದ್ದರು. ಬೆಳಿಗ್ಗೆ ಎಂಟಕ್ಕೆ ಗ್ರಹಣ ಹಿಡಿಯಿತು, ಲಗಮವ್ವನ ಪಡಸಾಲೆಯಲ್ಲಿ ಒನಕೆ ನಿಂತಿತು, ಹೆಂಗಸರು ಕೈ ಮುಗಿದು ಸುತ್ತ ಕುಳಿತರು. ಹಿಂದಿನ ರಾತ್ರಿಯಿಂದ ಯಾರ ಹೊಟ್ಟೆಯಲ್ಲೂ ಏನೂ ಇರಲಿಲ್ಲ. ಲೀಲಾಬಾಯಿಯೂ ಬಂದು ಗೋಡೆಗೊರಗಿ ಜಪ ಹಿಡಿದಿದ್ದರು. ಮೃಣಾಲಿನಿಯ ಶಾಲೆ ಗ್ರಹಣ ಬಿಟ್ಟ ಮೇಲೆ ಇತ್ತು. ಅವಳು ಹೊರಗೆ ಓಣಿಯಲ್ಲಿ ನಿಂತು ಗ್ರಹಣದ ಕನ್ನಡಕ ಹಿಡಿದು, ಬನ್ನಿ ನೋಡಿ ಎಂದು ಕರೆಯುತ್ತಿದ್ದಳು. ಯಾರೂ ಹೋಗಲಿಲ್ಲ.

ಬಂಡೆಪ್ಪನಿಗೆ ಹುನಗುಂದದ ಡಾಕ್ಟರು ಎರಡು ಮಾತು ಹೇಳಿದ್ದರು. ಏನೇ ಆಗಲಿ ಇಂಜೆಕ್ಷನ್ ತಪ್ಪಿಸಬೇಡ. ತೆಗೆದುಕೊಂಡ ಅರ್ಧ ತಾಸಿನೊಳಗೆ ಉಣ್ಣು. ಬಂಡೆಪ್ಪ ಶಿಸ್ತಿನ ಮನುಷ್ಯ. ಡಾಕ್ಟರ ಮಾತು ಮೀರಬಾರದೆಂದು ಬೆಳಿಗ್ಗೆ ತಾನೇ ಹೊಟ್ಟೆಗೆ ಸೂಜಿ ಚುಚ್ಚಿಕೊಂಡ. ಗ್ರಹಣದ ಮಾತು ಮೀರಬಾರದೆಂದು ಉಪವಾಸ ಕುಳಿತ. ಇಬ್ಬರ ಮಾತನ್ನೂ ನಡೆಸಿದೆ ಎಂಬ ತೃಪ್ತಿ ಅವನಿಗಿತ್ತು. ಅವನು ಚುಚ್ಚಿಕೊಂಡದ್ದನ್ನು ಒನಕೆಯ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ.

ಗ್ರಹಣ ಏರಿ ಬಿಸಿಲು ಮಂಕಾಗಿದ್ದ ಹೊತ್ತಿಗೆ ಬಂಡೆಪ್ಪ ಒಮ್ಮೆಲೇ ಎದ್ದು ನಿಂತು, "ಕರಿ ಟಗರ ಎಲ್ಲಿ ಹೋತು? ಬಾಗಲಾ ಹಾಕ್ರಿ, ರೋಡಿಗೆ ಹೋದೀತು" ಎಂದ. ಹಿಂಡು ಮಾರಿ ಎಷ್ಟೋ ವರ್ಷಗಳಾಗಿದ್ದವು. ಮೊದಲು ಕೆಲವರು ನಕ್ಕರು. ಅವನು ಗೋಡೆ ತಡಕಾಡುತ್ತ ಕುಸಿದು ಕುಳಿತಾಗ ಲಗಮವ್ವ ಓಡಿಹೋಗಿ ಹಿಡಿದಳು. ಡಿಸೆಂಬರಿನ ಚಳಿಯಲ್ಲಿ ಅವನ ಅಂಗಿ ಹಿಂಡುವಷ್ಟು ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು.

ಕೂಗು ಕೇಳಿ ಒಳಗೆ ಬಂದ ಮೃಣಾಲಿನಿ ನೋಡಿದ ಕೂಡಲೇ, "ಇಂಜೆಕ್ಷನ್ ತಗೊಂಡಾರೇನು?" ಎಂದಳು. ಬಂಡೆಪ್ಪ ಮಗುವಿನಂತೆ ಹೌದೆಂದು ತಲೆ ಆಡಿಸಿದ. "ಸಕ್ಕರಿ ಇಳದದ. ಈಗಿಂದೀಗ ಸಕ್ಕರಿ ನೀರು ಕುಡಸ್ರಿ, ಎಚ್ಚರ ಇದ್ದಾಗ ಕುಡಸಬೇಕು."

"ಒನಕಿ ನಿಂತದ" ಎಂದರು ಲೀಲಾಬಾಯಿ, ಜಪ ನಿಲ್ಲಿಸಿ. "ಸೂರ್ಯಾಗ ಹಿಡದಾಗ ಬಾಯಾಗ ಹನಿ ನೀರೂ ಹಾಕಬಾರದು. ಇನ್ನೊಂದು ತಾಸಿಗೆ ಬಿಡತದ. ನನಗೂ ಸಕ್ಕರಿ ಅದ, ನಾ ತಡಕೊಂಡು ಕೂತಿಲ್ಲೇನು?"

"ನೀವು ಬರೇ ಗುಳಿಗಿ ತಗೋತೀರಿ ಅತ್ತಿ. ಇವರು ಇಂಜೆಕ್ಷನ್ ತಗೊಂಡು ಉಪವಾಸ ಕೂತಾರ. ತಾಸು ತಡಿಯೂದಿಲ್ಲ."

"ನಾ ಗಾಡಿ ತರ್ತೇನಿ, ದವಾಖಾನಿಗೆ ಒಯ್ಯೋಣು" ಎಂದ ಹಣಮೇಶ.

"ತಾ. ಆದ್ರ ಹುನಗುಂದ ಮುಟ್ಟೂದರಾಗ ಎಚ್ಚರ ತಪ್ಪಿದ್ರ ಏನ್ಮಾಡ್ತಿ? ಮೊದಲ ಸಕ್ಕರಿ" ಎಂದಳು ಮೃಣಾಲಿನಿ.

ಲಗಮವ್ವ ಒಳಗೆ ಹೋಗಿ, ಗರಿಕೆ ಹಾಕಿ ಮುಚ್ಚಿಟ್ಟಿದ್ದ ಕೊಡದಿಂದ ನೀರು ತೆಗೆದು, ಲೋಟದಲ್ಲಿ ಹಿಡಿ ಸಕ್ಕರೆ ಸುರಿದು ಬೆರಳಿನಿಂದಲೇ ಕದಡುತ್ತ ಬಂದಳು. ಗಂಡನ ಬಾಯಿಗೆ ಹಿಡಿಯಬೇಕು ಎನ್ನುವಾಗ ಮಗ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು. ತಂದೆಯ ಮೇಲಿನ ಪ್ರೀತಿಯಿಂದಲೇ ಹಿಡಿದಿದ್ದ.

"ಬ್ಯಾಡಬೇ ಅವ್ವಾ. ಗ್ರಹಣದಾಗ ಕೊಟ್ಟದ್ದು ಇಷಾ ಆಗತೈತಿ. ನೋಡಲ್ಲೆ, ಒನಕಿ ಇನ್ನೂ ನಿಂತೈತಿ. ನೀನ ನಿಂದರಿಸೀದಿ."

ಹೌದು, ಅವಳೇ ನಿಲ್ಲಿಸಿದ್ದಳು. ಪಡಸಾಲೆಯ ತುಂಬ ಹೆಂಗಸರು, ಎಲ್ಲರ ಕಣ್ಣು ಒನಕೆಯ ಮೇಲೆ ಒಮ್ಮೆ, ಅವಳ ಮೇಲೆ ಒಮ್ಮೆ. ಬಂಡೆಪ್ಪನ ತಲೆ ಎದೆಗೆ ಜೋತು ಬೀಳುತ್ತಿತ್ತು.

"ಅಷ್ಟಮಿ ದಿನಾನೂ ನಿಂತಿತ್ತು" ಎಂದಳು ಲಗಮವ್ವ.

ಯಾರಿಗೂ ತಿಳಿಯಲಿಲ್ಲ. ಅವಳು ದನಿ ಎತ್ತಿದಳು. ಕುರಿ ಕಾಯುವಾಗ ಗುಡ್ಡದಿಂದ ಗುಡ್ಡಕ್ಕೆ ಕೂಗುತ್ತಿದ್ದ ದನಿ ಅದು. "ಹ್ವಾದ ವಾರ ಅಷ್ಟಮಿ ದಿನ ಇದ ಒನಕಿ, ಇದ ಗಂಗಾಳದಾಗ, ನಾನ ನಿಂದರಿಸಿದ್ನಿ. ನಿಂತಿತ್ತು. ನಾ ಒದಿಯೂತನಕ ನಿಂತಿತ್ತು. ಗ್ರಹಣಕ್ಕ ನಿಂದರೂದಿಲ್ಲ ಇದು, ಕೈಗೆ ನಿಂದರತೈತಿ. ಟೀಚರ ಹೇಳಿದ್ದು ಖರೆ, ನಾ ಅಂದದ್ದು ಸುಳ್ಳು. ಬಿಡಲೇ ಕೈ!"

ಹಣಮೇಶ ಬಿಡಲಿಲ್ಲ, ಆದರೆ ಅವನ ಹಿಡಿತ ಸಡಿಲಾಯಿತು. ಅವನು ಲೀಲಾಬಾಯಿಯ ಕಡೆ ನೋಡಿದ. ಶಾಸ್ತ್ರ ಬಲ್ಲವರು ಅವರು. ಅಷ್ಟಮಿಗೆ ಗ್ರಹಣವಿಲ್ಲ ಎಂಬುದು ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ತಿಥಿಗಳೂ ಅವರ ನಾಲಿಗೆಯ ಮೇಲಿದ್ದವು, ಅದರಲ್ಲಿ ಯಾವುದೂ ಆಗ ನೆರವಿಗೆ ಬರಲಿಲ್ಲ.

"ಬಿಡೋ ಹಣಮೇಶಾ" ಎಂದರು ಲೀಲಾಬಾಯಿ. "ಅವ್ವನ ಕೈ ಬಿಡು."

ಲಗಮವ್ವ ಗಂಡನ ಗದ್ದ ಎತ್ತಿ ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಗಲ್ಲದ ಮೇಲೆ ಹರಿಯಿತು, ಅರ್ಧ ಒಳಗೆ ಹೋಯಿತು. "ನುಂಗ ಹಣಮ್ಯಾನಪ್ಪಾ, ನುಂಗ" ಎನ್ನುತ್ತಿದ್ದಳು. ಮೃಣಾಲಿನಿ ಇನ್ನೊಂದು ಲೋಟ ಕದಡಿ ತಂದಳು. ಹೆಂಗಸರೆಲ್ಲ ವಿಷವಾಗುತ್ತದೋ ಅಮೃತವಾಗುತ್ತದೋ ಎಂದು ಕಾಯುತ್ತಿದ್ದರು. ಮೆಲ್ಲಗೆ ಬಂಡೆಪ್ಪನ ನಡುಕ ನಿಂತಿತು. ಕಣ್ಣು ಹೆಂಡತಿಯ ಮುಖ ಗುರುತಿಸಿತು. ತುಟಿ ಸವರಿಕೊಂಡ.

"ಗ್ರಹಣ ಬಿಟ್ಟತೇನು?" ಎಂದ.

"ಇಲ್ಲ."

"ಮತ್ತ ಬಾಯಿ ಸಿಹಿ ಆಗೈತಿ?"

"ನಾ ಹಾಕಿದ್ನಿ."

"ನನಗ ಒಂದ ಮಾತ ಕೇಳದ?"

"ಕೇಳಾಕ ಬಂದಿದ್ನಿ. ನೀ ಕರಿ ಟಗರ ಹುಡಕಾಕತ್ತಿದ್ದಿ" ಎಂದಳು ಲಗಮವ್ವ. ಅಷ್ಟು ಹೇಳಿ ಅವನ ಹೆಗಲಿಗೆ ಹಣೆ ಕೊಟ್ಟು ಎಲ್ಲರೆದುರಿಗೇ ಗಳಗಳ ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಇನ್ನೂ ನಿಂತೇ ಇದ್ದ ಒನಕೆಯನ್ನು ಎತ್ತಿ ಮೂಲೆಗಿಟ್ಟು, ಎಲ್ಲರೂ ಮನೆಗೆ ಹೋಗಿ ಎಂದಳು. ಹಣಮೇಶ ಗಾಡಿ ತಂದು ತಂದೆಯನ್ನು ಹುನಗುಂದಕ್ಕೆ ಕರೆದೊಯ್ದ. ಅಲ್ಲಿ ಡಾಕ್ಟರು ಎಲ್ಲ ಕೇಳಿ, ಬೈಯಬೇಕಾದ್ದನ್ನು ಬಂಡೆಪ್ಪನಿಗೆ ಬೈದು, ಸಕ್ಕರೆ ನೀರು ಕುಡಿಸಿದವರು ಯಾರೋ ಅವರ ಕಾಲಿಗೆ ಬೀಳು ಎಂದರಂತೆ. ಬಂಡೆಪ್ಪ ಬೀಳಲಿಲ್ಲ. ಹೆಂಡತಿಯ ಕಾಲಿಗೆ ಬೀಳುವ ಪದ್ಧತಿ ಅವರಲ್ಲಿಲ್ಲ. ಆದರೆ ಅಂದಿನಿಂದ ಸೂಜಿ ಹಿಡಿಯುವ ಮೊದಲು "ರೊಟ್ಟಿ ಆತೇನು?" ಎಂದು ಕೇಳುತ್ತಾನೆ.

ಓಣಿ ಅಷ್ಟು ಸುಲಭಕ್ಕೆ ಸೋಲೊಪ್ಪಲಿಲ್ಲ. ಜನರ ನಂಬಿಕೆ ಎಂದರೆ ಗರಿಕೆ ಹುಲ್ಲು, ಮೇಲೆ ಕಿತ್ತರೆ ಕೆಳಗೆ ಚಿಗುರುತ್ತದೆ. ಲಗಮವ್ವನ ಕೈಯಲ್ಲಿ ಮೊದಲಿನ ಗುಣ ಉಳಿದಿಲ್ಲ, ಅದಕ್ಕೇ ಕಂಡ ಕಂಡ ದಿನ ನಿಲ್ಲುತ್ತದೆ ಎಂದರು ಕೆಲವರು. ಆಪತ್ತಿಗೆ ದೋಷವಿಲ್ಲ, ಅದೊಂದು ಹೊತ್ತಿಗೆ ನಡೆಯುತ್ತದೆ, ಹಾಗೆಂದು ಗ್ರಹಣದ ನೇಮ ಸುಳ್ಳಲ್ಲ ಎಂದರು ಲೀಲಾಬಾಯಿ. ಮೃಣಾಲಿನಿ ಖುಷಿಯಿಂದ ಬಂದು, ಇನ್ನು ಭೂಮಿ ತಿರುಗುವುದನ್ನೂ ಒಪ್ಪಿಕೊಳ್ಳಿ ಎಂದಾಗ ಲಗಮವ್ವ ಸಂಚಿಯ ದಾರ ಎಳೆದು, "ಒನಕಿ ನಾ ನೋಡೇನಿ, ಒಪ್ಪೇನಿ. ಭೂಮಿ ಇನ್ನೂ ನೀವು ತೋರಿಸಿಲ್ಲ" ಎಂದಳು. ತೋರಿಸದೆ ಬಿಡುವುದಿಲ್ಲ ಎಂದು ಟೀಚರಮ್ಮ ಪಣ ತೊಟ್ಟಿದ್ದಾಳೆ. ಇಬ್ಬರಿಗೂ ಸಂಜೆಯ ಹೊತ್ತು ಕಳೆಯಲು ಅದೊಂದು ಒಳ್ಳೆಯ ಕೆಲಸ.

ಮುಂದಿನ ಸೂರ್ಯಗ್ರಹಣ ಜೂನ್ ತಿಂಗಳಲ್ಲಿ ಬಂತು, ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ವರ್ಷ. ಒನಕೆ ನಿಲ್ಲಿಸು ಬಾ ಎಂದು ಲಗಮವ್ವನನ್ನು ಯಾರೂ ಕರೆಯಲಿಲ್ಲ. ಅವಳಿಗೆ ಬೇಸರವಾಯಿತು, ಸುಳ್ಳು ಏಕೆ ಹೇಳಬೇಕು. ಆದರೂ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು. ಬಂಡೆಪ್ಪ ಒಳಗೆ ಕುಳಿತು ಉಣ್ಣುತ್ತೇನೆ ಎಂದರೆ ಕೇಳದೆ, ಓಣಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂರಿಸಿ ಬಡಿಸಿದಳು. ಎದುರುಮನೆಗಳ ಕಿಟಕಿಗಳಲ್ಲಿ ಕಣ್ಣುಗಳಿದ್ದವು. ಬಂಡೆಪ್ಪ ನಾಚಿಕೊಂಡು ತಲೆ ತಗ್ಗಿಸಿ ತಿಂದ.

ಗ್ರಹಣ ಹಿಡಿದು ಸ್ವಲ್ಪ ಹೊತ್ತಾಗಿತ್ತು. ಹಿತ್ತಲ ಬಾಗಿಲಲ್ಲಿ ಯಾರೋ ಮೆಲ್ಲಗೆ ಬಳೆ ಸಪ್ಪಳ ಮಾಡಿದರು. ಲಗಮವ್ವ ಹೋಗಿ ನೋಡಿದರೆ ಲೀಲಾಬಾಯಿ. ಸೆರಗಿನಡಿ ಒಂದು ಸ್ಟೀಲಿನ ಡಬ್ಬಿ.

"ನಂಗೂ ಎರಡು ತಿಂಗಳಾತು ಲಗಮವ್ವಾ, ಇಂಜೆಕ್ಷನ್ ಮಾಡ್ಯಾರ" ಎಂದರು, ಎತ್ತಲೋ ನೋಡುತ್ತ. "ಮನ್ಯಾಗ ತಿಂದ್ರ ಮೃಣಾಲಿನಿ ಮುಂದ ಸೋತಂಗ ಆಗತದ. ಇಲ್ಲೇ ಒಂದು ಕಡೆ ಕೂತು ತಿಂದು ಹೋಗ್ತೇನಿ. ಆಕಿಗೆ ಹೇಳಬ್ಯಾಡ."

ಲಗಮವ್ವ ಕಂಬಳಿ ಹಾಸಿ ಕೂರಿಸಿದಳು. ಡಬ್ಬಿ ತೆರೆದರೆ ಒಗ್ಗರಣೆ ಅವಲಕ್ಕಿ, ಇನ್ನೂ ಬಿಸಿಯಾಗಿ ಹೊಗೆಯಾಡುತ್ತಿತ್ತು. ಗ್ರಹಣದಲ್ಲಿ ಒಲೆ ಹಚ್ಚುವ ಕೈ ಆ ಮನೆಯಲ್ಲಿ ಯಾರದೆಂದು ಇಡೀ ಓಣಿಗೆ ಗೊತ್ತು. "ಇದನ್ನ ಯಾರ ಮಾಡಿದ್ರಿ ಬಾಯಾರ?" ಎಂದು ಕೇಳಿಯೇಬಿಟ್ಟಳು.

"ಅಡಿಗಿಮನಿ ಕಟ್ಟಿ ಮ್ಯಾಲೆ ತುಂಬಿಟ್ಟಿತ್ತು" ಎಂದರು ಲೀಲಾಬಾಯಿ. ಹೇಳುತ್ತ ಹೇಳುತ್ತ ಅದು ಸೊಸೆ ತನಗಾಗಿಯೇ ಮಾಡಿಟ್ಟದ್ದೆಂದು ಅವರಿಗೇ ಹೊಳೆದು, ಕೈ ಡಬ್ಬಿಯ ಮೇಲೇ ನಿಂತಿತು. ಮುಖ ಕೆಂಪಾಯಿತು. ಎದ್ದುಬಿಡುತ್ತಾರೇನೋ ಎಂದು ಲಗಮವ್ವ ಅವರ ಮೊಣಕಾಲಿನ ಮೇಲೆ ಕೈ ಇಟ್ಟು ಅದುಮಿದಳು. ಹಿಂದೆ ಎಂದೂ ಅವರನ್ನು ಮುಟ್ಟಿದವಳಲ್ಲ.

"ಸೂಜಿ ಮಾಡಕೊಂಡು ಎಷ್ಟ ಹೊತ್ತಾತ್ರಿ?"

"ಅರ್ಧ ತಾಸಾತು."

"ಹಂಗಾದ್ರ ಸೋತದ್ದು ಗೆದ್ದದ್ದು ಆಮ್ಯಾಲೆ ನೋಡೋಣ್ರಿ. ಮೊದಲ ಉಣ್ರಿ."

ಲೀಲಾಬಾಯಿ ಉಂಡರು.